ಪೇಡಾ ಟೆಸ್ಟ್ ಮಾಡಿಸಿದ ಲ್ಯಾಬ್: ಒಳಗೆ ಚಿನ್ನದಂಥ ಕೆಲಸ, ಕೌಂಟರ್ ಮಾತ್ರ ದೇವರಿಗೇ ಪ್ರೀತಿ

ಮನೆಯಲ್ಲೇ ಸಿಹಿ ಮಾಡಿ ಮಾರುವವಳು ನಾನು. ಹೋದ ತಿಂಗಳು ಒಂದು ಸೀಮಂತಕ್ಕೆ ಪೇಡಾ ಕೊಟ್ಟಿದ್ದೆ. ತಿಂದ ಮೂರು ಗಂಟೆಯೊಳಗೆ ನಾಲ್ಕು ಜನಕ್ಕೆ ವಾಂತಿ. ಫೋನ್ ಬಂದಾಗ ಕೈಕಾಲೇ ಆಡಲಿಲ್ಲ. ಫ್ರಿಜ್‌ನಲ್ಲಿ ಅದೇ ಪೇಡಾ ಸ್ವಲ್ಪ ಉಳಿದಿತ್ತು, ಐಸ್ ಡಬ್ಬಿಯಲ್ಲಿಟ್ಟುಕೊಂಡು ಬೆಂಗಳೂರಿನ ಒಂದು ಖಾಸಗಿ ಲ್ಯಾಬ್‌ಗೆ ಓಡಿದೆ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆ. ಹೆಸರು ಬೇಡ ಬಿಡಿ.

ಕೌಂಟರಿನ ಹುಡುಗ ಮಾತು ಪೂರ್ತಿ ಕೇಳಲೇ ಇಲ್ಲ. "ಬ್ಯಾಕ್ಟೀರಿಯಾ ಟೆಸ್ಟ್ ತಾನೇ ಮೇಡಂ" ಅಂತ ಫಾರಂನಲ್ಲಿ ಟಿಕ್ ಹಾಕಿ ದುಡ್ಡು ಎಣಿಸಿಕೊಂಡ. ಐದು ದಿನಕ್ಕೆ ರಿಪೋರ್ಟ್ ಬಂತು: ಸ್ಟ್ಯಾಫಿಲೊಕಾಕಸ್ ಆರಿಯಸ್ (ಚರ್ಮ, ಗಾಯದಲ್ಲಿರುವ ಒಂದು ಬ್ಯಾಕ್ಟೀರಿಯಾ), ಗ್ರಾಂಗೆ 10ಕ್ಕಿಂತ ಕಡಿಮೆ. ಅಂದರೆ ಪೇಡಾ ಕ್ಲೀನ್! ಖುಷಿಯಾಯಿತು, ಆದರೆ ನಾಲ್ಕು ಜನ ಸುಮ್ನೆ ವಾಂತಿ ಮಾಡಿಕೊಳ್ಳುತ್ತಾರಾ ಅಂತ ಮನಸ್ಸು ಒಪ್ಪದೆ, ಮತ್ತೆ ಹೋಗಿ ಮೈಕ್ರೋಬಯಾಲಜಿ ಮೇಡಂ ಸಿಗುವವರೆಗೂ ಏಳುವುದಿಲ್ಲ ಅಂತ ಕೂತೆ.

ಅವರು ಮೊದಲು ಕೇಳಿದ್ದೇ "ಖೋವಾ ಯಾವಾಗ ಮಾಡಿದ್ರಿ?" ಹಿಂದಿನ ಸಂಜೆ ನಾದಿ ಮುಚ್ಚಿಟ್ಟು, ಬೆಳಿಗ್ಗೆ ಸಕ್ಕರೆ ಹಾಕಿ ಮತ್ತೆ ಒಲೆ ಮೇಲಿಟ್ಟೆ ಅಂದೆ. ಎಡವಟ್ಟು ಅಲ್ಲೇ ಅಂದರು. ರಾತ್ರಿಯಿಡೀ ಹೊರಗಿದ್ದ ಖೋವಾದಲ್ಲಿ ಬ್ಯಾಕ್ಟೀರಿಯಾ ಬೆಳೆದು ಟಾಕ್ಸಿನ್, ಅಂದರೆ ವಿಷ, ಬಿಟ್ಟಿವೆ. ಬೆಳಿಗ್ಗೆಯ ಬಿಸಿಗೆ ಅವು ಸತ್ತವು, ಟಾಕ್ಸಿನ್ ಹಾಗೇ ಉಳಿಯಿತು. ಅರ್ಧ ಗಂಟೆ ಕುದಿಸಿದರೂ ಅದು ಜಗ್ಗುವುದಿಲ್ಲ. ಬದುಕಿರುವ ಬ್ಯಾಕ್ಟೀರಿಯಾ ಎಣಿಸುವ ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೆ ಟಾಕ್ಸಿನ್ ಅನ್ನೇ ಹುಡುಕುವ ಎಲೈಸಾ ಅಂತ ಬೇರೆ ಟೆಸ್ಟ್, ರೇಟೂ ಜಾಸ್ತಿ. ಮಾಡಿಸಿದೆ. ಎಂಟರೋಟಾಕ್ಸಿನ್ (ವಾಂತಿ ತರಿಸುವ ಆ ಟಾಕ್ಸಿನ್) ಪತ್ತೆಯಾಗಿದೆ ಅಂತ ಬಂತು.

ನಾದಿದ್ದು ನಾನೇ. ಬೆರಳಿಗೆ ಚಾಕು ತಾಗಿತ್ತು, ಗಾಯ ಇನ್ನೂ ಮಾಗಿರಲಿಲ್ಲ. ಮೇಡಂ ನನ್ನ ಕೈಯಿಂದ ಸ್ವ್ಯಾಬ್ ತೆಗೆದು, ಎರಡು ದಿನ ಬಿಟ್ಟು ಅದರ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟನ್ನೇ ತೋರಿಸಿದರು. ಸಾಸಿವೆ ಚೆಲ್ಲಿದ ಹಾಗೆ ಮಿಂಚುವ ಕಪ್ಪು ಚುಕ್ಕೆಗಳು, ಒಂದೊಂದರ ಸುತ್ತಲೂ ತಿಳಿ ಉಂಗುರ. ಅದೇ ಸ್ಟ್ಯಾಫಿಲೊಕಾಕಸ್, ನನ್ನ ಕೈಯಿಂದ ಬಂದದ್ದು! ಅವತ್ತು ಊಟ ಸೇರಲಿಲ್ಲ.

ಕೆಲಸಕ್ಕೆ, ಅದಕ್ಕಿಂತ ಆ ಮೇಡಂ ತಾಳ್ಮೆಗೆ, 5ಕ್ಕೆ 5. ಕೌಂಟರಿಗೆ 1. ಅವನು ಒಂದು ಪ್ರಶ್ನೆ ಕೇಳಿದ್ದರೆ ಎರಡು ಸಲ ದುಡ್ಡು ಕಟ್ಟುವುದು ತಪ್ಪುತ್ತಿತ್ತು, ಅಲ್ವಾ? ಮೊದಲ ಬಿಲ್‌ನಲ್ಲಿ ಒಂದು ರೂಪಾಯಿ ಬಿಡಲಿಲ್ಲ. ನೀವು ಹೋದರೆ "ಎಣಿಕೆ ಬೇರೆ, ಟಾಕ್ಸಿನ್ ಬೇರೆ, ಎರಡೂ ಬರೆಯಿರಿ" ಅಂತ ನಿಂತು ಬರೆಸಿ. ಅಡುಗೆ ಹೇಗೆ ಮಾಡಿದಿರಿ, ಎಷ್ಟು ಹೊತ್ತು ಹೊರಗಿತ್ತು ಅನ್ನುವುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೌಂಟರಿನಲ್ಲಂತೂ ಯಾರೂ ಕೇಳುವುದಿಲ್ಲ.