ಅಂಕಿ ಆಪ್ ಜೊತೆ ಮೂರೂವರೆ ವರ್ಷ: ಸುಮ್ನೆ ಖುಷಿಗೆ ಜಪಾನಿ ಕಲಿಯುವವರಿಗಾಗಿ

ಸಾಗರದಲ್ಲಿ ನಮ್ಮದು ಸ್ಪೇರ್ ಪಾರ್ಟ್ಸ್ ಅಂಗಡಿ. ಟಿಲ್ಲರ್, ಪಂಪ್‌ಸೆಟ್, ಬೈಕಿನ ಸಾಮಾನು ಇಟ್ಟಿದ್ದೇವೆ. ಬೇರಿಂಗಿನ ಕೆಲವು ಬಾಕ್ಸ್‌ಗಳ ಮೇಲೆ ಜಪಾನಿ ಅಕ್ಷರ ಇರುತ್ತದೆ. ವರ್ಷಗಟ್ಟಲೆ ಆ ಬಾಕ್ಸ್ ಎತ್ತಿ ಕೊಟ್ಟಿದ್ದೇನೆ, ಅಕ್ಷರದ ಕಡೆ ಗಮನವೇ ಹೋಗಿರಲಿಲ್ಲ. ಒಂದು ಆಷಾಢದ ಮಧ್ಯಾಹ್ನ, ಹೊರಗೆ ಜಡಿಮಳೆ, ಗಿರಾಕಿ ಯಾರೂ ಇಲ್ಲ. ಬಾಕ್ಸ್ ಕೈಯಲ್ಲಿ ಹಿಡಿದು ಕೂತಿದ್ದಾಗ ಇದನ್ನು ಓದಬೇಕು ಅನ್ನಿಸಿತು. ಅಲ್ಲಿಂದ ಶುರು. ಪರೀಕ್ಷೆ ಕಟ್ಟುವ ಆಸೆ ಇಲ್ಲ, ಜಪಾನಿಗೆ ಹೋಗುವ ಯೋಚನೆಯೂ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಇದಕ್ಕೆ ಅಂತ ಇಟ್ಟುಕೊಂಡಿದ್ದೇನೆ.

ಮೊದಲು ದುಡ್ಡು ಕೊಟ್ಟು ಬೇರೊಂದು ಆಪ್ ಹಾಕಿಕೊಂಡಿದ್ದೆ. ಹೆಸರು ಬೇಡ. ಅದರಲ್ಲಿ ಒಂದು ದಿನ ತಪ್ಪಿದರೂ ಅಷ್ಟು ದಿನದ ಲೆಕ್ಕ ಸೊನ್ನೆಗೆ ಬರುತ್ತಿತ್ತು. ಅಜ್ಜಿ ಆಸ್ಪತ್ರೆಯಲ್ಲಿದ್ದ ವಾರ ನನ್ನ ಲೆಕ್ಕ ಮುರಿಯಿತು. ಬೇಜಾರಾಗಿ ಬಿಟ್ಟುಬಿಟ್ಟೆ. ಹಿಂತಿರುಗಿ ನೋಡಿದರೆ ಏಳು ತಿಂಗಳಲ್ಲಿ ಜಪಾನಿಯ ಮೊದಲ ಅಕ್ಷರಮಾಲೆ ಹಿರಾಗಾನ ಕೂಡ ಪೂರ್ತಿ ಬಂದಿರಲಿಲ್ಲ. ಆಮೇಲೆ ಸಿಕ್ಕಿದ್ದು ಅಂಕಿ, ಪ್ರಶ್ನೆ ಉತ್ತರದ ಕಾರ್ಡ್ ತೋರಿಸಿ ಬಾಯಿಪಾಠ ಮಾಡಿಸುವ ಆಪ್.

ಹೆಸರು ನೋಡಿ ನಮ್ಮ ಭಾಷೆಯದೇ ಆಪ್ ಅಂದುಕೊಂಡಿದ್ದೆ. ನಮ್ಮಲ್ಲಿ ಅಂಕಿ ಅಂದರೆ ಒಂದು, ಎರಡು, ಮೂರು. ಜಪಾನಿಯಲ್ಲಿ ಅಂಕಿ ಅಂದರೆ ಬಾಯಿಪಾಠ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಅನ್ನುವವರು ಇದನ್ನು ಹೊರತಂದರು. ಕಂಪ್ಯೂಟರಿನಲ್ಲಿ ಉಚಿತ. ಆಂಡ್ರಾಯ್ಡ್ ಫೋನಿಗೆ ಅಂಕಿಡ್ರಾಯ್ಡ್ ಅಂತ ಬೇರೆಯವರು ಸೇರಿ ಮಾಡಿದ್ದಿದೆ, ಅದೂ ಉಚಿತ. ಐಫೋನಿಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು, ಅಮೆರಿಕದ ಬೆಲೆ 25 ಡಾಲರ್ ಹತ್ತಿರ. ನನ್ನದು ಆಂಡ್ರಾಯ್ಡ್, ಹಾಗಾಗಿ ಇವತ್ತಿನವರೆಗೆ ಒಂದು ರೂಪಾಯಿ ಖರ್ಚಾಗಿಲ್ಲ.

ಕೆಲಸ ಮಾಡುವ ರೀತಿ ಸರಳ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕು ಬಟನ್. ನೆನಪಿದ್ದರೆ ಆ ಕಾರ್ಡ್ ನಾಲ್ಕು ದಿನ ಬಿಟ್ಟು ಬರುತ್ತದೆ, ಆಮೇಲೆ ಹತ್ತು ದಿನ, ಆಮೇಲೆ ತಿಂಗಳು, ಹೀಗೆ ದೂರ ಹೋಗುತ್ತದೆ. ಮರೆತಿದ್ದರೆ ಮತ್ತೆ ಹತ್ತಿರ ಬರುತ್ತದೆ. ಇನ್ನೇನು ಮರೆಯಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಕೇಳುವುದು ಇದರ ಗುಟ್ಟು. 2023ರಲ್ಲಿ ಎಫ್‌ಎಸ್‌ಆರ್‌ಎಸ್ ಅನ್ನುವ ಹೊಸ ಲೆಕ್ಕಾಚಾರ ಸೇರಿಸಿದರು. ನಾವು ಹಿಂದೆ ಒತ್ತಿದ ಬಟನ್‌ಗಳನ್ನು ನೋಡಿ ನಮ್ಮ ಮರೆವಿಗೆ ತಕ್ಕ ಹಾಗೆ ದಿನ ಲೆಕ್ಕ ಹಾಕುತ್ತದೆ. ಸೆಟ್ಟಿಂಗಿನಲ್ಲಿ ಹುಡುಕಿ ಅದನ್ನು ಆನ್ ಮಾಡಿಕೊಳ್ಳಿ. ನನಗೆ ದಿನಕ್ಕೆ ಬರುವ ಕಾರ್ಡ್ ಕಡಿಮೆಯಾಗಿದೆ, ನೆನಪು ಕಡಿಮೆಯಾಗಿಲ್ಲ.

ಇಷ್ಟು ಆಪ್ ಬಗ್ಗೆ. ಆದರೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಬೇರೆ. ಅಂಕಿ ಒಂದು ಖಾಲಿ ಪೆಟ್ಟಿಗೆ. ಅದರೊಳಗೆ ಕನ್ನಡದ ಕಾರ್ಡ್ ಹಾಕಿ. ಇಂಗ್ಲಿಷಿನಲ್ಲಿ ಯಾರೋ ಮಾಡಿಟ್ಟ ಸಾವಿರಾರು ಕಾರ್ಡಿನ ಡೆಕ್ ಇಳಿಸಿಕೊಂಡು ನಾನು ನಾಲ್ಕು ತಿಂಗಳು ಕಳೆದೆ. ಆ ನಾಲ್ಕು ತಿಂಗಳು ನಿಮಗೆ ಉಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ಡೆಕ್ಕಿನಲ್ಲಿ ನನ್ನನ್ನು ಸತಾಯಿಸಿದ್ದು ರೈಸ್ ಅನ್ನುವ ಪದ. ಇನೆ ಅಂದರೂ ರೈಸ್, ಕೊಮೆ ಅಂದರೂ ರೈಸ್, ಗೊಹನ್ ಅಂದರೂ ರೈಸ್. ಮೂರನ್ನೂ ವಾರಗಟ್ಟಲೆ ತಪ್ಪು ಹೇಳಿದೆ. ಒಂದು ರಾತ್ರಿ ಕೂತು ಮೂರನ್ನೂ ಅಳಿಸಿ ಕನ್ನಡದಲ್ಲಿ ಬರೆದೆ. ಇನೆ: ಗದ್ದೆಯಲ್ಲಿರುವ ಭತ್ತದ ಪೈರು. ಕೊಮೆ: ಅಕ್ಕಿ. ಗೊಹನ್: ಅನ್ನ. ಮಾರನೇ ದಿನದಿಂದ ಒಂದು ಸಲವೂ ತಪ್ಪಿಲ್ಲ. ನಾವು ‘ಊಟ ಆಯ್ತಾ’ ಅಂತ ಕೇಳುವ ಹಾಗೆ ಅವರಲ್ಲಿ ಗೊಹನ್ ಅನ್ನುವುದಕ್ಕೆ ಊಟ ಅಂತಲೂ ಅರ್ಥ ಇದೆ. ಸಂಬಂಧಗಳೂ ಹಾಗೇ. ಅನಿ ಅಂದರೆ ಅಣ್ಣ, ಒತೋತೊ ತಮ್ಮ, ಅನೆ ಅಕ್ಕ, ಇಮೋತೊ ತಂಗಿ. ಒಂದಕ್ಕೆ ಒಂದು ಪದ, ಮುಗೀತು. ಇಂಗ್ಲಿಷಿನಲ್ಲಿ ಬ್ರದರ್ ಹಿಂದೆ ಒಂದು ಎಲ್ಡರ್ ಸೇರಿಸಿಕೊಂಡು ಯಾಕೆ ಸುತ್ತಬೇಕು?

ಅಕ್ಷರ ಕಲಿಯುವಾಗ ಇನ್ನೂ ದೊಡ್ಡ ಅನುಕೂಲ ಸಿಕ್ಕಿತು. ಹಿರಾಗಾನದ ಮೂಲ ಅಕ್ಷರ 46. ಅವುಗಳ ಕ್ರಮ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ನಡಿಗೆ ಅಲ್ವಾ ಇದು? ಜಪಾನಿನ ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಅನ್ನುವ ಹಳೆಯ ಭಾರತೀಯ ಲಿಪಿಯಲ್ಲಿ ಓದುತ್ತಿದ್ದರು. ಆ ಕಲಿಕೆಯಿಂದಲೇ ಈ ಕ್ರಮ ಬಂದಿದ್ದು. ಚ ವರ್ಗದ ಜಾಗದಲ್ಲಿ ಸ ಕೂತಿದೆ, ಪ ವರ್ಗದ ಜಾಗದಲ್ಲಿ ಹ ಕೂತಿದೆ. ಹ ಅಲ್ಲಿ ಯಾಕೆ ಅಂದರೆ ಆ ಉಚ್ಚಾರ ಹಿಂದೆ ಪ ಆಗಿತ್ತು. ಪ ಹೋಗಿ ಹ ಆಗುವುದು ನಮಗೆ ಹೊಸದಲ್ಲ. ಹಳಗನ್ನಡದ ಪಾಲು ಈಗ ಹಾಲು, ಪೂವು ಈಗ ಹೂವು. ಜಪಾನಿ ಅಕ್ಷರದಲ್ಲಿ ಅದರ ಗುರುತು ಇನ್ನೂ ಇದೆ. ಹ ಪಕ್ಕ ಪುಟ್ಟ ಸೊನ್ನೆ ಇಟ್ಟರೆ ಪ, ಎರಡು ಗೀಟು ಹಾಕಿದರೆ ಬ. ಇದು ಗೊತ್ತಾದ ದಿನ ನನಗಾದ ಸಂತೋಷ ಹೇಳಿ ಮುಗಿಯುವುದಿಲ್ಲ. ಅಂಗಡಿ ಹುಡುಗನಿಗೂ ತೋರಿಸಿದೆ.

ದೀರ್ಘ, ಒತ್ತಕ್ಷರ ಎರಡೂ ನಮ್ಮ ಕಿವಿಗೆ ಮೊದಲೇ ಗೊತ್ತು. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ ಥರದವರು. ಒಬಾಸನ್ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಕನ್ನಡದಲ್ಲಿ ಒಂದು ದೀರ್ಘ ಹಾಕಿದರೆ ಬೇರೆಯಾಯಿತು. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆಚೀಟಿ. ಲಕೋಟೆಯಿಂದ ಅಂಚೆಚೀಟಿ ‘ಕಿತ್ತೆ’ ಅಂತ ಕಾರ್ಡಿನ ಹಿಂದೆ ಬರೆದಿದ್ದೇನೆ. ಕುರಿ ಅನ್ನುವುದು ನಾವು ಹಲಸಿನ ಬೇಳೆ ಸುಡುವ ಹಾಗೆ ಅವರು ಸುಟ್ಟು ತಿನ್ನುವ ಚೆಸ್ಟ್‌ನಟ್. ಆ ಕಾರ್ಡಿಗೆ ಕುರಿಯೊಂದು ಚೆಸ್ಟ್‌ನಟ್ ಮೇಯುವ ಚಿತ್ರ ಬಿಡಿಸಿ ಫೋಟೋ ತೆಗೆದು ಹಾಕಿದ್ದೇನೆ. ಮುರಿ ಅಂದರೆ ಆಗದ ಕೆಲಸ. ಇರು ಅಂದರೆ ಇರು! ಮನುಷ್ಯರಿಗೆ, ಪ್ರಾಣಿಗಳಿಗೆ ಮಾತ್ರ ಅವರು ಇರು ಅನ್ನುತ್ತಾರೆ, ಕಲ್ಲು ಮರಕ್ಕೆ ಅರು. ಇವೆಲ್ಲ ಆಕಸ್ಮಿಕ ಹೋಲಿಕೆಗಳು, ಇವನ್ನೇ ಹಿಡಿದು ಎರಡು ಭಾಷೆಗೆ ನಂಟು ಕಟ್ಟಬಾರದು. ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧ ಇದೆ ಅಂತ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನೆನಪಿಟ್ಟುಕೊಳ್ಳಲು ಮಾತ್ರ ಈ ಹೋಲಿಕೆಗಳು ಚಿನ್ನದಂಥವು.

ಕನ್ನಡ ಲಿಪಿಗೆ ಸಿಗದ ಉಚ್ಚಾರಗಳೂ ಇವೆ. ತ್ಸು ಅಂತ ಬರೆದರೂ ಅದು ಪೂರ್ತಿ ಸರಿಯಲ್ಲ. ಕ್ರಿಯಾಪದದ ಕೊನೆಯ ಮಾಸು ಅನ್ನುವುದರಲ್ಲಿ ಉಕಾರ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಅದಕ್ಕೇ ಕಾರ್ಡಿಗೆ ಧ್ವನಿ ಸೇರಿಸಿ. ಹಿರಾಗಾನ ಬಂದ ಮೇಲೆ ಕಾರ್ಡಿನ ಮುಂದೆ ಕನ್ನಡ ಅಕ್ಷರದ ಉಚ್ಚಾರ ಇಡಲೇಬೇಡಿ, ಅರ್ಥಕ್ಕೆ ಮಾತ್ರ ಕನ್ನಡ ಇರಲಿ. ಇಲ್ಲದಿದ್ದರೆ ಕಣ್ಣು ಸುಲಭದ ಕಡೆಗೇ ಹೋಗುತ್ತದೆ.

ಜಪಾನಿಯ ಎರಡನೇ ಅಕ್ಷರಮಾಲೆ ಕತಕಾನದಲ್ಲಿ ನಾನು ತುಂಬ ಒದ್ದಾಡಿದೆ. ಶಿ ಮತ್ತು ತ್ಸು ಅವಳಿಗಳ ಹಾಗೆ. ಎರಡರಲ್ಲೂ ಎರಡು ಚಿಕ್ಕ ಗೀಟು, ಒಂದು ಉದ್ದ ಗೀಟು. ಶಿಯಲ್ಲಿ ಚಿಕ್ಕವು ಎಡಗಡೆ ಒಂದರ ಕೆಳಗೆ ಒಂದು ನಿಂತಿರುತ್ತವೆ, ಉದ್ದದ್ದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತ್ಸುವಿನಲ್ಲಿ ಚಿಕ್ಕವು ತಲೆಯ ಮೇಲೆ ಅಕ್ಕಪಕ್ಕ, ಉದ್ದದ್ದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕಣ್ಣಲ್ಲಿ ನೋಡಿ ನನಗೆ ಬರಲೇ ಇಲ್ಲ. ಅಂಕಿಡ್ರಾಯ್ಡಿನಲ್ಲಿ ವೈಟ್‌ಬೋರ್ಡ್ ಅಂತ ಇದೆ, ಪರದೆಯ ಮೇಲೆ ಬೆರಳಲ್ಲಿ ಬರೆಯಬಹುದು. ಅದರಲ್ಲಿ ಹತ್ತು ದಿನ ಬರೆದ ಮೇಲೆ ಕೈಗೆ ಬಂತು. ಆ ಹೊತ್ತಿಗೆ ತ್ಸು ಕಾರ್ಡ್ ಎಂಟು ಸಲ ತಪ್ಪಾಗಿತ್ತು. ಎಂಟು ಸಲ ಮರೆತ ಕಾರ್ಡಿಗೆ ಅಂಕಿ ‘ಲೀಚ್’ ಅಂತ ಗುರುತು ಹಾಕುತ್ತದೆ, ಸೆಟ್ಟಿಂಗಿನಲ್ಲಿ ಹೇಳಿದ್ದರೆ ಬದಿಗೂ ಇಡುತ್ತದೆ. ಲೀಚ್ ಅಂದರೆ ನಮ್ಮ ಕಾಡಿನ ಇಂಬಳ. ಹೊತ್ತು ಹೀರುವ ಕಾರ್ಡ್ ಅಂತ ಅರ್ಥ. ಅಂಥ ಕಾರ್ಡನ್ನು ಹಾಗೇ ಇಟ್ಟುಕೊಳ್ಳಬೇಡಿ. ಅಳಿಸಿ, ಬೇರೆ ಥರ ಬರೆಯಿರಿ.

ಆದರೆ ಕತಕಾನ ಬಂದ ಮೇಲೆ ಅಂಗಡಿಯೇ ಪಾಠಶಾಲೆ ಆಯಿತು. ಹೊರಗಿನಿಂದ ಬಂದ ಪದಗಳನ್ನು ಅವರು ಅದರಲ್ಲೇ ಬರೆಯುವುದು. ಬೇರಿಂಗ್ ಅವರಿಗೆ ಬೆಆರಿಂಗು. ಬ್ರೇಕ್ ಬುರೇಕಿ, ಟೈರ್ ತೈಯ, ಬೋಲ್ಟ್ ಬೊರುತೊ, ಪಂಕ್ಚರ್ ಪಂಕು. ಪದದ ಕೊನೆಗೆ ಸ್ವರ ಇಲ್ಲದಿದ್ದರೆ ನಮಗೂ ಸಮಾಧಾನ ಇಲ್ಲ, ಅವರಿಗೂ ಇಲ್ಲ. ನಾವು ಬಸ್ಸು ಅನ್ನುತ್ತೇವೆ, ಅವರು ಬಸು.

ಕಾಂಜಿಗೆ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರಗಳಿಗೆ, ಹೆದರಬೇಡಿ. ಜಪಾನ್ ಸರ್ಕಾರದ ದಿನಬಳಕೆಯ ಪಟ್ಟಿಯಲ್ಲಿ 2,136 ಕಾಂಜಿ ಇವೆ, ಪ್ರೈಮರಿ ಶಾಲೆಯಲ್ಲಿ ಕಲಿಸುವುದು 1,026, ಒಂದನೇ ತರಗತಿಗೆ ಬರೀ 80. ನಾನು ಆ 80ರಿಂದ ಶುರು ಮಾಡಿದೆ. ಮರದ ಅಕ್ಷರ ಎರಡು ಪಕ್ಕಪಕ್ಕ ಬರೆದರೆ ತೋಪು, ಮೂರು ಸೇರಿಸಿದರೆ ಕಾಡು. ಆದರೆ ವಾರಗಳ ಹೆಸರು ಕಲಿತಷ್ಟು ಚೆನ್ನಾಗಿ ನಾನು ಬೇರೇನೂ ಕಲಿತಿಲ್ಲ. ಭಾನುವಾರಕ್ಕೆ ಸೂರ್ಯ, ಸೋಮವಾರಕ್ಕೆ ಚಂದ್ರ. ಮಂಗಳವಾರ ಕಾಯೋಬಿ, ಅದರ ಮೊದಲ ಅಕ್ಷರ ಬೆಂಕಿ, ಮಂಗಳ ಗ್ರಹವನ್ನು ಅವರು ಬೆಂಕಿಯ ನಕ್ಷತ್ರ ಅಂತ ಬರೆಯುತ್ತಾರೆ. ಬುಧ ನೀರು, ಗುರು ಮರ, ಶುಕ್ರ ಚಿನ್ನ, ಶನಿ ಮಣ್ಣು. ನಮ್ಮ ವಾರಗಳು ಯಾವ ಗ್ರಹದ ಹೆಸರಲ್ಲಿವೆಯೋ ಅವರದ್ದೂ ಅದೇ ಗ್ರಹದ ಮೇಲೆ. ಏಳೂ ಕಾಂಜಿ ಒಂದೇ ಸಂಜೆಯಲ್ಲಿ ಬಂದವು.

ಕಷ್ಟ ಇರುವುದು ಓದುವ ರೀತಿಯಲ್ಲಿ. ಭಾನುವಾರ ನಿಚಿಯೋಬಿ. ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಒಂದೇ, ಸೂರ್ಯನದ್ದು. ಮೊದಲಿಗೆ ಬಂದಾಗ ನಿಚಿ, ಕೊನೆಗೆ ಬಂದಾಗ ಬಿ. ಹಾಗಾಗಿ ಬಿಡಿ ಕಾಂಜಿಗೆ ಎಲ್ಲ ಉಚ್ಚಾರ ಬಾಯಿಪಾಠ ಮಾಡುವುದನ್ನು ನಾನು ಬಿಟ್ಟೆ. ಇಡೀ ಪದವನ್ನೇ ಕಾರ್ಡ್ ಮಾಡಿ. ಇನ್ನೊಂದು ವಿಷಯ: ಫೋನಿನ ಭಾಷೆಗಳ ಪಟ್ಟಿಯಲ್ಲಿ ಜಪಾನೀಸ್ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಕೆಲವು ಕಾಂಜಿ ಚೀನೀ ರೂಪದಲ್ಲಿ ಕಾಣಬಹುದು, ತಪ್ಪು ಆಕಾರವೇ ತಲೆಯಲ್ಲಿ ಕೂರುತ್ತದೆ.

ಅಂಕಿಯಿಂದ ಮಾತಾಡಲು ಬರುವುದಿಲ್ಲ, ವ್ಯಾಕರಣವೂ ಬರುವುದಿಲ್ಲ. ಅದಕ್ಕೆ ಪುಸ್ತಕ ಬೇಕು. ಕನ್ನಡದವರಿಗೆ ವಾಕ್ಯದ ಜೋಡಣೆ ಹೊರೆಯಲ್ಲ. ಮಿಜ಼ು ಒ ನೊಮು: ನೀರು ಅನ್ನು ಕುಡಿ. ನಮ್ಮ ‘ಅನ್ನು’ ಮಾಡುವ ಕೆಲಸವನ್ನೇ ಅಲ್ಲಿ ‘ಒ’ ಮಾಡುತ್ತದೆ.

ಬಿಟ್ಟು ಹಿಡಿಯುವವರಿಗೆ ಒಂದು ಮಾತು. ಹೋದ ವರ್ಷ ಅಡಿಕೆ ಕೊಯ್ಲಿನಲ್ಲಿ ಆರು ವಾರ ನಾನು ಆಪ್ ತೆರೆಯಲಿಲ್ಲ. ತೆರೆದಾಗ 840 ಕಾರ್ಡ್ ಕಾಯುತ್ತಿದ್ದವು. ಹೊಸ ಕಾರ್ಡ್ ಪೂರ್ತಿ ನಿಲ್ಲಿಸಿ, ದಿನದ ಮಿತಿ 40ಕ್ಕೆ ಇಳಿಸಿದೆ. ಒಂದು ತಿಂಗಳ ಮೇಲೆ ಹಿಡಿಯಿತು, ಆದರೆ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಯಾವ ಲೆಕ್ಕವೂ ಸೊನ್ನೆ ಆಗಲಿಲ್ಲ. ಶುರುವಿನಲ್ಲಿ ಆಪ್ ದಿನಕ್ಕೆ 20 ಹೊಸ ಕಾರ್ಡ್ ಅಂತ ಇಟ್ಟಿರುತ್ತದೆ. ಖುಷಿಗೆ ಕಲಿಯುವವರಿಗೆ ಅದು ಜಾಸ್ತಿ. ಮೂರಕ್ಕೆ ಇಳಿಸಿ.

ಈಗ ನನ್ನ ಡೆಕ್ಕಿನಲ್ಲಿ ಎರಡು ಸಾವಿರದ ಚಿಲ್ಲರೆ ಕಾರ್ಡ್ ಇವೆ, ಎಲ್ಲವೂ ನಾನೇ ಬರೆದದ್ದು. ಹೋದ ತಿಂಗಳು ಟಿಲ್ಲರಿಗೆ ಬೇರಿಂಗ್ ಕೇಳಿಕೊಂಡು ಬಂದ ಹೆಗಡೆಯವರು ಬಾಕ್ಸ್ ತಿರುಗಿಸಿ ನೋಡಿ ‘ಇದೆಂಥ ಬರೆದಿದ್ದು ಮಾರಾಯ?’ ಅಂದರು. ಮೂರು ಕಾಂಜಿ ಇದ್ದವು. ಸೂರ್ಯ, ಮೂಲ, ತಯಾರಿಕೆ. ‘ನಿಹೊನ್‌ಸೇ. ಸೂರ್ಯ ಹುಟ್ಟುವ ನಾಡಲ್ಲಿ ಮಾಡಿದ್ದು ಅಂತ’ ಅಂದೆ. ಅವರು ಕನ್ನಡಕ ಏರಿಸಿಕೊಂಡು ಮೊದಲನೇ ಅಕ್ಷರದ ಮೇಲೆ ಬೆರಳಿಟ್ಟು ‘ಇದಾ ಸೂರ್ಯ?’ ಅಂತ ಕೇಳಿದರು. ಬಿಲ್ ಬುಕ್ಕಿನ ಹಿಂದೆ ದೊಡ್ಡದಾಗಿ ಬರೆದು ತೋರಿಸಿದೆ.