ಮಂಡಿಪೇಟೆಯ ಬೋರ್ಡಿಲ್ಲದ ಅಂಗಡಿ: ಒಂದು ರಿಪೇರಿ, ಎರಡು ಕಾಲದ ರಾಕ್

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿ, ಗೋದಾಮಿಗೂ ಪಾತ್ರೆ ಅಂಗಡಿಗೂ ನಡುವೆ, ಒಂದೇ ಷಟರಿನ ರೇಡಿಯೊ ರಿಪೇರಿ ಅಂಗಡಿಯಿದೆ. ಅದಕ್ಕೆ ಬೋರ್ಡು ಇಲ್ಲ, ಕೇಳಿಕೊಂಡೇ ಹೋಗಬೇಕು. ಸೋದರಮಾವ ಮುಂಬಯಿಯಲ್ಲಿ ನೌಕರಿಯಲ್ಲಿದ್ದಾಗ ಕೊಂಡು, ಊರಿಗೆ ಮರಳಿದ ಮೇಲೆ ಅಟ್ಟಕ್ಕೇರಿಸಿದ್ದ ರೆಕಾರ್ಡ್ ಪ್ಲೇಯರನ್ನು ನಾನು ಅಲ್ಲಿಗೆ ಒಯ್ದದ್ದು ಬೇರೆ ದಾರಿ ಕಾಣದೆ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ್ದ ಸೂಟ್‌ಕೇಸ್ ಮಾದರಿಯ ಹೊಸ ಪ್ಲೇಯರ್ ಮೂರನೆಯ ತಿಂಗಳಿಗೇ ಹಾಡುಗಳನ್ನು ಎಳೆಯತೊಡಗಿತ್ತು. ಮಾರಿದವರಿಗೆ ಬರೆದ ಪತ್ರಗಳಿಗೆ ಇಂದಿಗೂ ಉತ್ತರವಿಲ್ಲ.

ಯಜಮಾನರಿಗೆ ಅರವತ್ತು ದಾಟಿದೆ. ತಟ್ಟೆಯನ್ನು ಎತ್ತಿ ಒಳಗೆ ನೋಡಿದಾಗ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಪುಲಿಗೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಅದನ್ನು ಒರೆಸುವುದರಲ್ಲೇ ಅವರು ಅರ್ಧ ಗಂಟೆ ಕಳೆದರು. ಎಂಟು ದಿನವೆಂದು ಹೇಳಿದ ಕೆಲಸ ಇಪ್ಪತ್ತಮೂರು ದಿನ ಹಿಡಿಯಿತು, ನಡುವೆ ಎರಡು ಸಲ ಹೋದಾಗ ಷಟರು ಮುಚ್ಚಿತ್ತು, ಬಿಲ್ಲು ಕೊಡುವ ಪದ್ಧತಿ ಅವರಲ್ಲಿಲ್ಲ. ಮಜೂರಿ 1,400 ರೂಪಾಯಿ, ಹೊಸ ಮುಳ್ಳಿಗೆ 900. ತಡವಾದದ್ದಕ್ಕೆ ಬೇಸರವಿದೆಯಾದರೂ, ಕೆಲಸ ಮುಗಿಸಿದ ರೀತಿಯನ್ನು ಕಂಡ ಮೇಲೆ ದರದ ಬಗ್ಗೆ ತಕರಾರಿಲ್ಲ.

ಕೊನೆಯ ದಿನ ಅವರು ವೇಗವನ್ನು ಪರೀಕ್ಷಿಸಿದ ಬಗೆಯನ್ನು ಹೇಳಲೇಬೇಕು. ಎಲ್‌ಪಿ, ಅಂದರೆ ಇಡೀ ಆಲ್ಬಂ ಹಿಡಿಯುವ ದೊಡ್ಡ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ತಟ್ಟೆಯ ಅಂಚಿಗೆ ಬೀಡಿಕಟ್ಟಿನ ಕಾಗದದ ಚೂರೊಂದನ್ನು ಅಂಟಿಸಿ, ಕೈಗಡಿಯಾರವನ್ನು ಎದುರಿಗಿಟ್ಟುಕೊಂಡು, ಅದು ಬೆರಳಿಗೆ ತಾಗಿದಾಗಲೆಲ್ಲ ಅವರು ತುಟಿಯಲ್ಲೇ ಎಣಿಸಿದರು. ಮೊದಲ ಸಲ ನೂರಾ ಎರಡು ಬಂತು. ಮೋಟಾರಿನ ತಳದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಣಿಸಿದಾಗ ನೂರಕ್ಕೆ ನಿಂತಿತು.

ಪರೀಕ್ಷೆಗೆಂದು ನಾನು ಒಯ್ದಿದ್ದದ್ದು ಇಂಗ್ಲೆಂಡಿನ ಲೆಡ್ ಜೆಪ್ಲಿನ್ ಎಂಬ ರಾಕ್ ಬ್ಯಾಂಡಿನ 1971ರ ನಾಲ್ಕನೆಯ ಆಲ್ಬಂ. ಅದರ ಹೊದಿಕೆಯ ಮೇಲೆ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಬೆನ್ನ ಮೇಲೆ ಕಡ್ಡಿಯ ಹೊರೆ ಹೊತ್ತ ಮುದುಕನೊಬ್ಬನ ಚಿತ್ರ ಮಾತ್ರ ಇದೆ. ಬೋರ್ಡಿಲ್ಲದ ಅಂಗಡಿಗೆ ತಕ್ಕ ಪ್ಲೇಟು. ಜೊತೆಗೆ ಬಂದಿದ್ದ ಅಕ್ಕನ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹಳೆಯದನ್ನೇ ಹಾಡಿ ಹೊಗಳುವ ನನ್ನಂಥವರ ಬಗ್ಗೆ ಅವನಿಗೆ ಅಸಮಾಧಾನವಿದೆ. ಅವನ ಫೋನನ್ನು ಅದೇ ಆಂಪ್ಲಿಫೈಯರಿಗೆ ವೈರಿನಿಂದ ಜೋಡಿಸಿ, ಒಂದೇ ಸ್ಪೀಕರಿನಲ್ಲಿ ಎರಡೂ ಕಾಲವನ್ನು ಕೇಳೋಣವೆಂದು ಒಪ್ಪಂದವಾಯಿತು.

ಎರಡನೆಯ ಬದಿಯ ಕೊನೆಯ ಹಾಡಿನಲ್ಲಿ ಜಾನ್ ಬಾನಮ್ ಅವರ ಡ್ರಮ್ಮು ಶುರುವಾದಾಗ ಪಾತ್ರೆ ಅಂಗಡಿಯ ಹುಡುಗ ಬಂದು ಇಣುಕಿದ. ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ, ಮೆಟ್ಟಿಲ ಬುಡದಲ್ಲಿ ಡ್ರಮ್ಮುಗಳನ್ನಿಟ್ಟು, ಮೇಲಿನ ಮಹಡಿಯಿಂದ ಎರಡು ಮೈಕುಗಳನ್ನು ಇಳಿಬಿಟ್ಟು ಮುದ್ರಿಸಿದ ಸದ್ದು ಅದು. ಪೆಟ್ಟಿನ ಜೊತೆಗೆ ಆ ಮೆಟ್ಟಿಲ ಬಾವಿಯ ಆಳವೂ ಕೇಳಿಸುತ್ತದೆ. ನಂತರ ಅಕ್ಕನ ಮಗ ಅಮೆರಿಕದ ಮಿಷಿಗನ್ ರಾಜ್ಯದ ಗ್ರೇಟಾ ವ್ಯಾನ್ ಫ್ಲೀಟ್ ಬ್ಯಾಂಡನ್ನು ಹಾಕಿದ. ಮೂವರು ಸಹೋದರರಿರುವ ಈ ಬ್ಯಾಂಡಿಗೆ 2019ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ಮಿನ ಗ್ರ್ಯಾಮಿ ಬಂದಿದೆ. ಯಜಮಾನರು ತಲೆ ಎತ್ತದೆಯೇ, “ಪ್ಲೇಟ್ ತಿರುಗಿಸಿದ್ಯೇನು ತಮ್ಮಾ, ಇದೂ ಅವರದೇ ಅಲ್ಲೇನು?” ಎಂದು ಕೇಳಿದರು. ಅಕ್ಕನ ಮಗನ ಮುಖ ಸಣ್ಣದಾಯಿತು.

ಆದರೆ ಯಜಮಾನರ ಬೆರಳು ಆಗಲೇ ವಾಲ್ಯೂಮಿನ ಗುಬುಟಿಯ ಮೇಲಿತ್ತು. ಹೊಸ ಹಾಡು ಬಂದೊಡನೆ ಅವರು ಸದ್ದನ್ನು ತಗ್ಗಿಸಿದ್ದನ್ನು ನಾನು ಗಮನಿಸಿರಲಿಲ್ಲ. ಎರಡನ್ನೂ ಒಂದೇ ಮಟ್ಟಕ್ಕೆ ತರದೆ ಹೋಲಿಸಬಾರದು, ಜೋರಾಗಿರುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆ ಎಂಬುದು ಅವರ ಅನುಭವದ ಮಾತು. ಮಟ್ಟ ಸರಿಮಾಡಿ ಕೇಳಿದಾಗ ಹೊಸ ಡ್ರಮ್ಮರನ ಕೈಯಲ್ಲಿ ಕೊರತೆಯೇನೂ ಕಾಣಲಿಲ್ಲ; ಮೆಲುದನಿಗೂ ಏರುದನಿಗೂ ಇರಬೇಕಾದ ಅಂತರ ಮಾತ್ರ ಚಪ್ಪಟೆಯಾಗಿತ್ತು. ಈ ದೋಷವನ್ನು ಹೊಸ ತಲೆಮಾರಿನ ಮೇಲೆ ಹೊರಿಸುವುದು ಸರಿಯಲ್ಲ. 1981ರಲ್ಲಿ ಹುಟ್ಟಿದ ಅಮೆರಿಕದ ಬ್ಯಾಂಡ್ ಮೆಟಾಲಿಕಾ 2008ರಲ್ಲಿ ತಂದ ಆಲ್ಬಮ್ಮನ್ನೂ ಸ್ಟುಡಿಯೋದಲ್ಲಿ ಹೀಗೆಯೇ ಒತ್ತಿ ಒತ್ತಿ ಜೋರು ಮಾಡಲಾಗಿತ್ತು, ಅದೇ ಹಾಡುಗಳು ಗಿಟಾರ್ ವಿಡಿಯೊ ಗೇಮಿಗಾಗಿ ಬಿಡುಗಡೆಯಾದಾಗ ಹೆಚ್ಚು ಉಸಿರಾಡುತ್ತಿದ್ದವೆಂದು ಅಭಿಮಾನಿಗಳೇ ದೂರಿದ್ದರು. ಅವೇ ಕೈಗಳು, ಅವೇ ಹಾಡುಗಳು, ಕೆಟ್ಟದ್ದು ಕೊನೆಯ ಹದ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇದೇ ಮೆಟಾಲಿಕಾ ನುಡಿಸಿದ್ದನ್ನು ರಾತ್ರಿ ಬಸ್ಸಿಗೆ ಹೋಗಿ ಕೇಳಿದ ನನಗೆ ಆ ಮಾತನ್ನು ನಂಬಲು ಕಷ್ಟವಾಗಲಿಲ್ಲ.

ಹಾಗಾದರೆ ಗ್ರೇಟಾ ವ್ಯಾನ್ ಫ್ಲೀಟ್ ಜೆಪ್ಲಿನ್‌ನ ನಕಲೆಂಬ ಆರೋಪ? ಅಲ್ಲಿಯೂ ನನ್ನ ಪಕ್ಷ ನಾನೆಣಿಸಿದಷ್ಟು ಗಟ್ಟಿಯಾಗಿರಲಿಲ್ಲ. ನಾವು ಮೆಚ್ಚಿ ಕೇಳಿದ ಆ ಕೊನೆಯ ಹಾಡು ಜೆಪ್ಲಿನ್‌ನವರ ಸ್ವಂತದ್ದಲ್ಲ. 1927ರ ಮಿಸಿಸಿಪ್ಪಿ ಪ್ರವಾಹವನ್ನು ಕುರಿತು ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮೆಕಾಯ್ ಎಂಬ ಕಪ್ಪು ದಂಪತಿ 1929ರಲ್ಲಿ ಮುದ್ರಿಸಿದ, ಬ್ಲೂಸ್ ಎಂಬ ಶೈಲಿಯ ಹಾಡು ಅದು. ಎರವಲು ತಂದದ್ದನ್ನು ಜೆಪ್ಲಿನ್ ಮೂಲದ ಗುರುತೇ ಸಿಗದಷ್ಟು ಬೇರೆಯಾಗಿಸಿತು. ಗ್ರೇಟಾ ವ್ಯಾನ್ ಫ್ಲೀಟ್ ತಂದದ್ದನ್ನು ತಂದ ಹಾಗೆಯೇ ಜೋಪಾನವಾಗಿ ಇಟ್ಟುಕೊಂಡಿದೆ. ನನ್ನ ಎಣಿಕೆಯಲ್ಲಿ ಅವರು ಸೋಲುವುದು ಇಷ್ಟರಲ್ಲೇ.

ಅಕ್ಕನ ಮಗ ನಂತರ ಹಾಕಿದ್ದು ದೆಹಲಿಯ ಬ್ಲಡಿವುಡ್ ಬ್ಯಾಂಡನ್ನು. ಅವರ 2022ರ ಆಲ್ಬಮ್ಮಿನಲ್ಲಿ ಮೆಟಲ್ ಎಂಬ ಅಬ್ಬರದ ರಾಕಿನ ಗಿಟಾರಿನ ಜೊತೆಗೆ ಢೋಲು, ಕೊಳಲು ಇವೆ. ಅರಚಾಟ ನನಗೆ ಹಿಡಿಸಲಿಲ್ಲ, ಆದರೆ ಢೋಲಿನ ಪೆಟ್ಟಿಗೆ ಯಜಮಾನರ ಸ್ಕ್ರೂಡ್ರೈವರು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ರಘು ದೀಕ್ಷಿತರ ತಂಡದ 2008ರ ಆಲ್ಬಮ್ಮಿನಿಂದ ‘ಸೋರುತಿಹುದು ಮನೆಯ ಮಾಳಿಗಿ’ ಬಂದಾಗ ಅವರು ಕೆಲಸವನ್ನೇ ನಿಲ್ಲಿಸಿದರು. ಶಿಶುನಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು. ಷರೀಫರ ತತ್ವಪದಗಳನ್ನು ಯಜಮಾನರು ಭಜನೆಯಲ್ಲಿ ಹಾಡಿದವರು, ಸಿ. ಅಶ್ವಥ್ ಅವರ ಕಂಠದಲ್ಲಿ ಕ್ಯಾಸೆಟ್ಟು ಸವೆಯುವವರೆಗೆ ಕೇಳಿದವರು. “ಅಶ್ವಥ್ ಹಾಡಿದ್ರೆ ಮಾಳಿಗಿ ಸೋರಾದು ಕಣ್ಣಿಗೆ ಕಾಣ್ತಿತ್ತು. ಈ ಹುಡುಗ್ರು ಸೋರೋ ಮನಿಯಾಗೂ ಕುಣಿತಾರೆ ನೋಡು” ಎಂದರು. ದೂರಿನಂತೆ ಶುರುವಾದ ಮಾತು ನಗುವಿನಲ್ಲಿ ಮುಗಿಯಿತು, ಮತ್ತು ಹಾಡನ್ನು ಇನ್ನೊಮ್ಮೆ ಹಾಕಿಸಿದರು. ಹಳೆಯ ಕಾಲದ ಯಾವ ಬ್ಯಾಂಡಿನ ಪಕ್ಕದಲ್ಲಿ ನಿಲ್ಲಿಸಿದರೂ ಈ ಹಾಡು ತಲೆತಗ್ಗಿಸಬೇಕಾಗಿಲ್ಲವೆಂದು ನಾನೂ ಒಪ್ಪಿದೆ.

ಮೂಲೆಯಲ್ಲಿ ಗಿರಾಕಿಗಳು ಬಿಟ್ಟುಹೋದ ಕ್ಯಾಸೆಟ್ಟುಗಳ ರಟ್ಟಿನ ಪೆಟ್ಟಿಗೆಯೊಂದಿತ್ತು. ಎಂಬತ್ತರ ದಶಕದ ಇಂಗ್ಲಿಷ್ ರಾಕ್ ಸಂಕಲನಗಳೂ ಅದರಲ್ಲಿದ್ದವು. ಹಿಂಬದಿಯ ಪಟ್ಟಿಗಳನ್ನು ಓದುತ್ತ ಹೋದರೆ ಹತ್ತರಲ್ಲಿ ಎರಡು ಹೆಸರುಗಳೂ ನನಗೆ ನೆನಪಿರಲಿಲ್ಲ. ಎರಡನ್ನು ಹಾಕಿ ಕೇಳಿದೆವು, ಮರೆತದ್ದೇ ನ್ಯಾಯವೆನಿಸಿತು. ಹಳೆಯ ದಶಕಗಳ ಪರವಾಗಿ ವಾದಿಸುವಾಗ ನಾನು ಈ ಪೆಟ್ಟಿಗೆಯನ್ನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಇನ್ನು ಅಂಗಡಿಗೆ ಹೋಗುವವರಿಗೆ: ಓಣಿಗೆ ಕಾರು ಹೋಗುವುದಿಲ್ಲ, ಅಶೋಕ ರಸ್ತೆಯ ಕಡೆಯೇ ನಿಲ್ಲಿಸಿ ನಡೆಯಬೇಕು. ಹೇಳಿದ ದಿನಕ್ಕೆ ಎರಡು ವಾರ ಕೂಡಿಸಿಕೊಳ್ಳಿ. ಮುಚ್ಚಳದ ಒಡೆದ ಹಿಂಜನ್ನು ಅವರು ಅಂಟು ಹಚ್ಚಿ ಕೂರಿಸಿದ್ದು ಮನೆಗೆ ಬರುವಷ್ಟರಲ್ಲೇ ಬಿಟ್ಟುಕೊಂಡಿತ್ತು. ಪ್ಲೇಯರು ಮಾತ್ರ ಎರಡು ತಿಂಗಳ ಮೇಲೂ ಸರಿಯಾಗಿ ನೂರು ಸುತ್ತು ತಿರುಗುತ್ತಿದೆ. ಎಣಿಸುವವನು ಈಗ ಅಕ್ಕನ ಮಗ.