ಹಳೇ ಇಟಾಲಿಯನ್ ಡೂಮ್ ಕೇಳೋಕೆ ಯಾವ್ದು: ಸಿಡಿ ರೀಇಶ್ಯೂನಾ, ಎಲ್‌ಪಿ ರೀಇಶ್ಯೂನಾ, ಯೂಟ್ಯೂಬ್ ರಿಪ್ಪಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಸಿಡಿಗೆ. ಈಗ ಎಲ್ರೂ ವಿನೈಲ್ (ಅದೇ ಎಲ್‌ಪಿ) ಹಿಂದೆ ಬಿದ್ದಿದ್ದಾರೆ, ಗೊತ್ತು, ಆದ್ರೆ 80ರ ದಶಕದ ಇಟಲಿ ಡೂಮ್ ಮೆಟಲ್ (ತುಂಬಾ ನಿಧಾನ, ಭಾರವಾದ ಮೆಟಲ್) ವಿಷ್ಯದಲ್ಲಿ ನಾನು ಮೂರೂ ಥರ ಕೇಳಿ, ಎರಡಕ್ಕೆ ಕೈಯಿಂದ ಕಾಸು ಹಾಕಿ ಆಮೇಲೆ ಹೇಳ್ತಿರೋದು.

ಈ ಸಂಗೀತಕ್ಕೆ ರೀಇಶ್ಯೂ (ಹಳೇ ಆಲ್ಬಂನ ಮತ್ತೆ ಹೊಸದಾಗಿ ಹೊರತಂದಿದ್ದು) ಬಿಟ್ರೆ ಗತಿನೇ ಇಲ್ಲ. ಪೆಸಾರೊ ಅನ್ನೋ ಊರಲ್ಲಿ ಸ್ಟೀವ್ ಸಿಲ್ವೆಸ್ಟರ್, ಪಾಲ್ ಚೇನ್ ಸೇರ್ಕೊಂಡು 1977ರಲ್ಲಿ ಡೆತ್ ಎಸ್‌ಎಸ್ ಶುರು ಮಾಡಿದ್ರು, ಒಬ್ಬ ವ್ಯಾಂಪೈರ್, ಒಬ್ಬ ಸಾಕ್ಷಾತ್ ಸಾವು, ಇನ್ನೊಬ್ಬ ಈಜಿಪ್ಟಿನ ಮಮ್ಮಿ, ಹೀಗೆ ವೇಷ ಹಾಕ್ಕೊಂಡೇ ಸ್ಟೇಜ್ ಹತ್ತೋರು, ಆದ್ರೆ ಆ ಕಾಲದ ರೆಕಾರ್ಡಿಂಗ್‌ಗಳೆಲ್ಲ ಒಂದು ಎಲ್‌ಪಿಯಾಗಿ ಬಂದಿದ್ದು 1987ರಲ್ಲಿ, 'ದಿ ಸ್ಟೋರಿ ಆಫ್ ಡೆತ್ ಎಸ್‌ಎಸ್' ಅಂತ, ಅಷ್ಟೊತ್ತಿಗೆ ಆ ತಂಡ ಚೆದುರಿ ಹೋಗಿತ್ತು. ವೆರೋನಾದ ಬ್ಲ್ಯಾಕ್ ಹೋಲ್ ಕಥೆ ಇನ್ನೂ ಬೇಜಾರು, 1985ರಲ್ಲಿ 'ಲ್ಯಾಂಡ್ ಆಫ್ ಮಿಸ್ಟರಿ' ತಂದ್ರು, ಅದಾದ್ಮೇಲೆ ಮಾಡಿದ 'ಲಿವಿಂಗ್ ಮಾಸ್ಕ್' ಜನರ ಕೈಗೆ ಸಿಕ್ಕಿದ್ದು 2000ದಲ್ಲಿ. ಒರಿಜಿನಲ್ ಪ್ರೆಸ್ಸಿಂಗ್ (ಮೊದ್ಲ ಸಲ ಅಚ್ಚಾದ ಎಲ್‌ಪಿ) ಕಲೆಕ್ಟರ್‌ಗಳ ಕೈಲಿದೆ, ಆ ರೇಟು ನಮ್ಮಂಥೋರಿಗೆ ಅಲ್ಲ.

ಯೂಟ್ಯೂಬ್ ರಿಪ್ (ಯಾರೋ ತಮ್ಮ ರೆಕಾರ್ಡಿಂದ ಕಾಪಿ ಮಾಡಿ ಹಾಕಿದ್ದು): ಬ್ಯಾಂಡ್ ಪರಿಚಯ ಆಗೋಕೆ ಸಾಕು. ನಾನೂ ಪಾಲ್ ಚೇನ್‌ನ ಮೊದ್ಲು ಕೇಳಿದ್ದು ಅಲ್ಲೇ. ಬೇಸ್ ಮಾತ್ರ ಸತ್ತೋಗಿರುತ್ತೆ.

ಎಲ್‌ಪಿ ರೀಇಶ್ಯೂ: ಕವರ್ ವಿಷ್ಯಕ್ಕೆ ಇದನ್ನ ಮೀರಿಸೋದು ಇಲ್ಲ. ಪೆಸ್ಕಾರಾ ಕಡೆಯ ದಿ ಬ್ಲ್ಯಾಕ್ ಬ್ಯಾಂಡಿನ ಮಾರಿಯೋ ಡಿ ಡೊನಾಟೊ ಗಿಟಾರಿಸ್ಟೂ ಹೌದು ಪೇಂಟರೂ ಹೌದು, ಅಂಥವರ ರೆಕಾರ್ಡ್ ಅಂದ್ರೆ ಕವರ್ ದೊಡ್ಡದಾಗೇ ನೋಡ್ಬೇಕು ಅನ್ಸುತ್ತೆ.

ಆದ್ರೆ ನಾನು ತರಿಸಿದ ಎಲ್‌ಪಿ (ಬ್ಯಾಂಡು, ಕಂಪನಿ ಹೆಸರು ಬೇಡ ಬಿಡಿ) ನನ್ನ ತಲೆ ಕೆಡಿಸ್ತು. ಸೀಲ್ ಒಡೆದ ಹೊಸ ರೆಕಾರ್ಡು, ಸೂಜಿ ಇಟ್ಟೆ, ಶುರುವಿನ ಮೆತ್ತಗಿನ ಆರ್ಗನ್ ಭಾಗದಲ್ಲೇ ಚಟಪಟ ಸದ್ದು. ಧೂಳಿರ್ಬೇಕು ಅಂತ ಒರೆಸಿದೆ, ಮತ್ತೆ ಅದೇ ಜಾಗದಲ್ಲಿ ಅದೇ ಚಟಪಟ. ಆಮೇಲೆ ಗೊತ್ತಾಯ್ತು, ಅದು ನನ್ನ ರೆಕಾರ್ಡಿನ ಸದ್ದಲ್ಲ, ಯಾರದೋ ಹಳೇ ಎಲ್‌ಪಿ ಪ್ಲೇ ಮಾಡಿ ಅದರಿಂದಾನೇ ಇದನ್ನ ಮಾಡಿದ್ದಾರೆ, ಹಳೇ ಗೀರುಗಳೂ ಜೊತೆಗೇ ಬಂದಿವೆ. ಮಾಸ್ಟರ್ ಟೇಪ್ (ಸ್ಟುಡಿಯೋದ ಮೂಲ ಟೇಪ್) ಕಳೆದೋಗಿದ್ರೆ ಬೇರೆ ದಾರಿ ಇಲ್ಲ, ಅದನ್ನ ಒಪ್ತೀನಿ, ಆದ್ರೆ ಸ್ಟಿಕರ್ ಮೇಲೆ ಬರೀ 'ರೀಮಾಸ್ಟರ್ಡ್' ಅಂತ ಹಾಕಿ ಇದನ್ನ ಮುಚ್ಚಿಟ್ರೆ ಕೊಂಡುಕೊಳ್ಳೋರಿಗೆ ಹೆಂಗೆ ಗೊತ್ತಾಗ್ಬೇಕು?

ಅದನ್ನಾದ್ರೂ ಸಹಿಸ್ಕೋತಿದ್ದೆ. ನಾನು ಕೇಳೋದೇ ಮಡಿಲಲ್ಲಿ ಗಿಟಾರ್ ಇಟ್ಕೊಂಡು, ಜೊತೆಗೆ ನುಡಿಸ್ತಾ. ಇದರ ಜೊತೆ ಶ್ರುತಿನೇ ಕೂಡಲ್ಲ, ಟ್ಯೂನರ್ ಪ್ರಕಾರ ನನ್ನ ತಂತಿ ಸರಿಯಿದೆ, ರೆಕಾರ್ಡು ಮಾತ್ರ ಎರಡು ಸ್ವರದ ಮಧ್ಯ ಎಲ್ಲೋ ನಿಂತಿದೆ. ಬ್ಯಾಂಡ್‌ನವರೇ ಗಿಟಾರ್ ಹಂಗೆ ಟ್ಯೂನ್ ಮಾಡಿರ್ಬೋದಲ್ಲ ಅಂತ ಕೇಳ್ತೀರಾ, ಆದ್ರೆ ಜೊತೆಗೆ ಆರ್ಗನ್ನೂ ಅಷ್ಟೇ ಮೇಲಿದೆ, ಆರ್ಗನ್ ಶ್ರುತಿನ ಯಾರೂ ಸುಮ್ಸುಮ್ನೆ ತಿರುಗಿಸಲ್ಲ. ನನ್ನ ಟರ್ನ್‌ಟೇಬಲ್ಲೂ ಚೆಕ್ ಮಾಡಿದೆ, ಸ್ಪೀಡ್ ಸರಿ ಇದೆ. ಅಂದ್ರೆ ಕಾಪಿ ಮಾಡ್ಕೊಂಡಾಗಲೇ ಆ ಹಳೇ ಎಲ್‌ಪಿ ಜೋರಾಗಿ ತಿರುಗಿದೆ. ಸ್ಪೀಡ್ ನೂರಕ್ಕೆ 3 ಜಾಸ್ತಿ ಆದ್ರೂ ಶ್ರುತಿ ಸುಮಾರು ಅರ್ಧ ಸೆಮಿಟೋನ್ (ಸೆಮಿಟೋನ್ ಅಂದ್ರೆ ಪಕ್ಕಪಕ್ಕದ ಎರಡು ಸ್ವರದ ಅಂತರ) ಮೇಲೆ ಹೋಗುತ್ತೆ, 10 ನಿಮಿಷದ ಹಾಡು 17 ಸೆಕೆಂಡ್ ಮುಂಚೆನೇ ಮುಗಿಯುತ್ತೆ. ಪಾಪ್ ಹಾಡಿಗೆ ಪರವಾಗಿಲ್ಲ, ಡೂಮ್‌ಗೆ ಆ ನಿಧಾನಾನೇ ಜೀವ, ಒಂದೊಂದು ರಿಫ್ಫೂ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಆನೆ ಹೆಜ್ಜೆ ಥರ ಊರಿ ನಿಲ್ಬೇಕು, ಇಲ್ಲಿ ಅದು ಅವಸರದಲ್ಲಿ ಓಡ್ತಿತ್ತು. ಮೇಲಿಂದ ಕೊರಿಯರ್, ಕಸ್ಟಮ್ಸ್ ಸೇರಿ ಬಂದ ಬಿಲ್ಲು ರೆಕಾರ್ಡಿನ ಬೆಲೆನೇ ಹಿಂದೆ ಹಾಕ್ತು.

ಅದೇ ಆಲ್ಬಂ ಟೇಪಿಂದ ಮಾಡಿದ ಸಿಡಿಲಿ ಸಿಕ್ತು. ಶ್ರುತಿ ಕೂಡ್ತು, ಸಿಂಬಲ್ ಮೈ ತುಂಬ್ಕೊಂಡು ಕೇಳ್ತು, ಬೇಸ್ ಹೊಟ್ಟೆಗೆ ತಾಗ್ತು. ಎಲ್‌ಪಿಲಿ ಒಂದು ಸೈಡ್ 20 ನಿಮಿಷ ದಾಟ್ತಾ ಹೋದಂಗೆ ವಾಲ್ಯೂಮು, ಬೇಸು ಎರಡೂ ಇಳಿಸ್ಲೇಬೇಕು, ಸಿಡಿಗೆ ಆ ಕಷ್ಟ ಇಲ್ಲ, ಡೆಮೊಗಳನ್ನೂ ಕೊನೆಗೆ ಸೇರಿಸ್ತಾರೆ. ಬುಕ್‌ಲೆಟ್ ಅಕ್ಷರ ಸಣ್ಣದು, ಹೌದು. ಪಾಲ್ ಚೇನ್ ಸಿಡಿಗಾದ್ರೆ ಲಿರಿಕ್ಸ್ ಇಲ್ದಿದ್ರೂ ನಷ್ಟ ಇಲ್ಲ, ಯಾಕಂದ್ರೆ ಆತ ಹಾಡೋದು ಇಂಗ್ಲಿಷ್ ಥರ ಕೇಳ್ಸೋ ಬರೀ ಶಬ್ದಗಳನ್ನ, ಅದರಲ್ಲೇ ಮೈ ಜುಮ್ಮನ್ಸೋ ದುಃಖ ಇದೆ. ದಿ ಬ್ಲ್ಯಾಕ್ ಹಾಡೋದು ಲ್ಯಾಟಿನ್‌ನಲ್ಲಿ, ಅದಕ್ಕೆ ಮಾತ್ರ ಭೂತಗನ್ನಡಿ ಹಿಡ್ಕೊಂಡಾದ್ರೂ ಬುಕ್‌ಲೆಟ್ ಓದ್ತೀನಿ.

ಗಿಟಾರ್ ಜೊತೆ ಕೂತು ಕೇಳೋ ಅಭ್ಯಾಸ ಇಲ್ದಿರೋರಿಗೆ, ಮನೇಲಿ ಒಳ್ಳೆ ಟರ್ನ್‌ಟೇಬಲ್ ಇರೋರಿಗೆ ಎಲ್‌ಪಿನೇ ಇಷ್ಟ ಆಗ್ಬೋದು, ಕೊಳ್ಳೋ ಮುಂಚೆ ಟೇಪಿಂದ ಮಾಡಿದ್ದಾ ಅಂತ ಮಾರೋರನ್ನ ಕೇಳಿ, ಉತ್ತರ ಜಾರಿಸಿದ್ರೆ ಬಿಟ್ಬಿಡಿ. ನನ್ನ ಬಜೆಟ್ಟಲ್ಲಿ ಒಂದು ಎಲ್‌ಪಿ ದುಡ್ಡಿಗೆ ಎರಡು ಸಿಡಿ ಬರುತ್ತೆ. ಹೊಸಬರು ಪಾಲ್ ಚೇನ್‌ನ 1984ರ 'ಡಿಟ್ಯಾಚಿಂಗ್ ಫ್ರಮ್ ಸೇಟನ್' ಇಂದ ಶುರು ಮಾಡಿ, ಆಮೇಲೆ 1986ರ 'ಇನ್ ದ ಡಾರ್ಕ್‌ನೆಸ್'. ಕ್ಯಾಥೆಡ್ರಲ್ ಬ್ಯಾಂಡಿನ ಲೀ ಡೋರಿಯನ್ ದನಿ ಗೊತ್ತಿದ್ರೆ ನೇರ ಪಾಲ್ ಚೇನ್‌ನ 1995ರ 'ಆಲ್ಕಹೆಸ್ಟ್' ಹಾಕಿ, ಅದರ ಕೆಲವು ಹಾಡು ಅವರೇ ಹಾಡಿದ್ದಾರೆ.